ಫ್ರೆಂಚ್‌ಗೆ ಎರಡು ಸಹಾಯಕ ಕ್ರಿಯಾಪದಗಳು, ಸ್ಪ್ಯಾನಿಷ್‌ಗೆ ಒಂದೇ ಏಕೆ? ಸಂಯುಕ್ತ ಕಾಲರೂಪಗಳ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ವ್ಯಾಕರಣಜಿಜ್ಞಾಸು

ಎಲ್ಲರಿಗೂ ನಮಸ್ಕಾರ. ಫ್ರೆಂಚ್ ಭಾಷೆಯನ್ನು ಒಂದು ಹಂತದವರೆಗೆ ಕಲಿತ ಮೇಲೆ ಈಗ ಇಟಾಲಿಯನ್ ಮತ್ತು ಸ್ಪ್ಯಾನಿಷ್ ಭಾಷೆಗಳ ವ್ಯಾಕರಣವನ್ನು ಓದುತ್ತಿದ್ದೇನೆ. ಮೂರೂ ಲ್ಯಾಟಿನ್‌ನಿಂದ ಬಂದ ಭಾಷೆಗಳಾದ್ದರಿಂದ ಹಲವು ವಿಷಯಗಳು ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಹೊಂದಿಕೊಳ್ಳುತ್ತವೆ. ಆದರೆ ಸಹಾಯಕ ಕ್ರಿಯಾಪದವೂ ಮುಖ್ಯ ಕ್ರಿಯಾಪದದ ಭೂತ ಕೃದಂತವೂ (ಕ್ರಿಯೆ ಮುಗಿದಿರುವುದನ್ನು ಹೇಳುವ ರೂಪ) ಸೇರಿ ಆಗುವ ಸಂಯುಕ್ತ ಕಾಲರೂಪಗಳಿಗೆ ಬಂದಾಗ ಈ ಹೊಂದಿಕೆ ತಪ್ಪುತ್ತದೆ.

‘ನಾನು ತಿಂದಿದ್ದೇನೆ’ ಎನ್ನಲು ಫ್ರೆಂಚ್‌ನಲ್ಲಿ ‘ಜೇ ಮಾಂಜೇ’ ಎನ್ನುತ್ತಾರೆ. ಇಲ್ಲಿರುವುದು ‘ಹೊಂದಿರು’ ಎಂಬ ಅರ್ಥದ ‘ಅವ್ವಾರ್’. ‘ನಾನು ಬಂದಿದ್ದೇನೆ’ ಎನ್ನಲು ‘ಜ ಸ್ವೀ ವನ್ಯೂ’ ಎನ್ನುತ್ತಾರೆ. ಇಲ್ಲಿರುವುದು ‘ಇರು’ ಎಂಬ ಅರ್ಥದ ‘ಎತ್ರ್’. ಇಟಾಲಿಯನ್‌ನಲ್ಲಿಯೂ ಹೀಗೆಯೇ, ‘ಓ ಮಂಜಾತೊ’, ‘ಸೋನೊ ವೆನೂತೊ’. ಸ್ಪ್ಯಾನಿಷ್‌ನಲ್ಲಿ ಮಾತ್ರ ‘ಏ ಕೊಮೀದೊ’, ‘ಏ ವೆನೀದೊ’ ಎಂದು ಎರಡೂ ಕಡೆ ‘ಅಬೇರ್’ ಎಂಬ ಒಂದೇ ಸಹಾಯಕ ಕ್ರಿಯಾಪದ ಬರುತ್ತದೆ. ಚಲನೆಯನ್ನು ಹೇಳುವ ಕ್ರಿಯಾಪದಗಳಿಗೆ ‘ಇರು’ ಬರುತ್ತದೆ ಎಂದು ನನ್ನ ಪಠ್ಯಪುಸ್ತಕ ಹೇಳುತ್ತದೆ. ಆದರೆ ‘ನಡೆ’ ಎಂಬುದಕ್ಕಿಂತ ಸ್ಪಷ್ಟವಾದ ಚಲನೆ ಯಾವುದಿದೆ? ಫ್ರೆಂಚ್‌ನಲ್ಲಿ ಅದಕ್ಕೆ ‘ಹೊಂದಿರು’ ಬರುತ್ತದೆ; ಎಳ್ಳಷ್ಟೂ ಚಲನೆಯಿಲ್ಲದ ‘ಉಳಿ’ ಎಂಬುದಕ್ಕೆ ‘ಇರು’ ಬರುತ್ತದೆ. ಈ ನಿಯಮವನ್ನು ನಂಬುವುದು ಹೇಗೆ?

ಇದರ ಜೊತೆಗೆ ಇನ್ನೂ ಎರಡು ಸಂದೇಹಗಳಿವೆ. ಕೃದಂತವು ಕೆಲವೊಮ್ಮೆ ಲಿಂಗ ವಚನಗಳಿಗೆ ತಕ್ಕಂತೆ ಬದಲಾಗುವುದೂ ಕೆಲವೊಮ್ಮೆ ಬದಲಾಗದೆ ನಿಲ್ಲುವುದೂ ಯಾವ ಕಾರಣದಿಂದ? ಕನ್ನಡದಲ್ಲಿ ‘ತಿಂದಿದ್ದೇನೆ’, ‘ಬಂದಿದ್ದೇನೆ’, ‘ಬರೆದಿದ್ದೇನೆ’ ಎಂದು ಎಲ್ಲದಕ್ಕೂ ‘ಇರು’ ಸಾಕಾಗುತ್ತದೆಯಲ್ಲ, ಅದು ನಮ್ಮಲ್ಲಿ ‘ಹೊಂದಿರು’ ಎಂಬುದಕ್ಕೆ ಸರಳವಾದ ಧಾತು ಇಲ್ಲದ ಕಾರಣಕ್ಕೋ ಅಥವಾ ಬೇರೆ ಕಾರಣವಿದೆಯೋ? ಪಟ್ಟಿಯನ್ನು ಕಂಠಪಾಠ ಮಾಡಲು ನಾನು ಸಿದ್ಧನಿದ್ದೇನೆ. ಆದರೆ ಆ ಪಟ್ಟಿ ಏಕೆ ಹಾಗಿದೆ ಎಂಬುದು ತಿಳಿಯಬೇಕೆಂಬ ಆಸೆ.

ಉತ್ತರ: ಲ್ಯಾಟಿನ್ ಓದುಗ

ನಿಮ್ಮ ಪ್ರಶ್ನೆಯನ್ನು ಸಹಾಯಕ ಕ್ರಿಯಾಪದದ ಕಡೆಯಿಂದ ನೋಡಿದರೆ ಅದು ಬಿಡಿಸಲಾಗದ ಗಂಟಿನಂತೆ ಕಾಣುತ್ತದೆ. ಕೃದಂತದ ಕಡೆಯಿಂದ ನೋಡಿದರೆ ಬಹುಪಾಲು ಬಿಡಿಸಿಕೊಳ್ಳುತ್ತದೆ. ಕೇಳಬೇಕಾದ ಪ್ರಶ್ನೆ ಇದು: ಆ ಕೃದಂತ ಯಾರನ್ನು ಅಥವಾ ಯಾವುದನ್ನು ವಿಶೇಷಿಸುತ್ತದೆ?

ಇದಕ್ಕೆ ಉದಾಹರಣೆ ನಮ್ಮ ಕೈಯಲ್ಲಿಯೇ ಇದೆ. ಲ್ಯಾಟಿನ್‌ನ ‘-ತುಸ್’ ಎಂಬ ಕೃದಂತ ಪ್ರತ್ಯಯವೂ ಸಂಸ್ಕೃತದ ‘-ತ’ ಪ್ರತ್ಯಯವೂ ಒಂದೇ ಮೂಲದವು, ಮತ್ತು ಆ ‘-ತ’ ಇರುವ ನೂರಾರು ಪದಗಳನ್ನು ಕನ್ನಡ ತತ್ಸಮಗಳಾಗಿ ಬಳಸುತ್ತದೆ. ‘ಲಿಖಿತ’ ಎಂದರೆ ಬರೆದವನಲ್ಲ, ಬರೆಯಲಾದದ್ದು. ‘ಕೃತ’ ಎಂದರೆ ಮಾಡಿದವನಲ್ಲ, ಮಾಡಲಾದದ್ದು. ಆದರೆ ‘ಮೃತ’ ಎಂದರೆ ಸತ್ತವನೇ, ‘ಆಗತ’ ಎಂದರೆ ಬಂದವನೇ, ‘ಜಾತ’ ಎಂದರೆ ಹುಟ್ಟಿದವನೇ. ಸಕರ್ಮಕ ಧಾತುವಿನ ಮೇಲೆ ಬಂದಾಗ ಈ ಪ್ರತ್ಯಯವು ಕರ್ಮವನ್ನು ವಿಶೇಷಿಸುತ್ತದೆ, ‘ಸಾಯು’, ‘ಬರು’, ‘ಹುಟ್ಟು’ ಮುಂತಾದ ಅಕರ್ಮಕ ಧಾತುಗಳ ಮೇಲೆ ಬಂದಾಗ ಕರ್ತೃವನ್ನೇ ವಿಶೇಷಿಸುತ್ತದೆ.

ಕರ್ತೃವನ್ನೇ ವಿಶೇಷಿಸುವ ಕೃದಂತಕ್ಕೆ ‘ಇರು’ ಸಾಕು. ‘ಅವನು ಮೃತನು’ ಎಂಬ ವಾಕ್ಯಕ್ಕೆ ಬೇರೇನೂ ಬೇಕಿಲ್ಲ. ಲ್ಯಾಟಿನ್‌ನಲ್ಲಿ ‘ಮೊರ್ತುಉಸ್ ಎಸ್ತ್’ ಎಂದರೆ ‘ಸತ್ತನು, ಸತ್ತಿದ್ದಾನೆ’. ‘ನಾತುಸ್ ಎಸ್ತ್’ ಎಂದರೆ ‘ಹುಟ್ಟಿದನು, ಹುಟ್ಟಿದ್ದಾನೆ’. ಈ ಧಾತುಗಳು ಆ ಕಾಲದಲ್ಲಿಯೇ ‘ಇರು’ವಿನೊಂದಿಗೆ ಸಂಯುಕ್ತ ರೂಪವನ್ನು ಪಡೆದಿದ್ದವು, ಮತ್ತು ಫ್ರೆಂಚ್‌ನ ‘ಇಲ್ ಎ ಮೋರ್’, ಇಟಾಲಿಯನ್‌ನ ‘ಎ ನಾತೊ’ ನೇರವಾಗಿ ಆ ಸಾಲಿನ ಮುಂದುವರಿಕೆ. ‘ಬರು’, ‘ಹೋಗು’ ಮುಂತಾದವು ಆ ಮಾದರಿಯನ್ನು ಅನುಸರಿಸಿ ತಡವಾಗಿ ಸೇರಿಕೊಂಡವು. ಶಾಸ್ತ್ರೀಯ ಲ್ಯಾಟಿನ್‌ನಲ್ಲಿ ‘ಬಂದೆನು’ ಎಂಬುದಕ್ಕೆ ‘ವೇನೀ’ ಎಂಬ ಒಂದೇ ಪದವಿತ್ತು.

ಕರ್ಮವನ್ನು ವಿಶೇಷಿಸುವ ಕೃದಂತದಲ್ಲಿ ತೊಡಕು ಇರುವುದು. ‘ಪತ್ರ ಲಿಖಿತವಾಗಿದೆ’ ಎಂದರೆ ಬರೆದವನು ವಾಕ್ಯದಿಂದ ಹೊರಗೇ ಉಳಿಯುತ್ತಾನೆ. ಅವನನ್ನು ಒಳಗೆ ತರಲು ಲ್ಯಾಟಿನ್ ಹಿಡಿದ ದಾರಿ ‘ಹಬೇರೆ’, ಅಂದರೆ ‘ಹೊಂದಿರು’. ‘ನನ್ನಲ್ಲಿ ಬರೆದಿಟ್ಟ ಪತ್ರಗಳಿವೆ’ ಎಂಬಂಥ ವಾಕ್ಯದಲ್ಲಿ ಕರ್ತೃ ಬಂದಂತಾಯಿತು, ಕರ್ಮವೂ ಉಳಿಯಿತು, ಕೃದಂತವು ಕರ್ಮದ ವಿಶೇಷಣವಾಗಿಯೇ ನಿಂತಿತು. ಕ್ರಿ.ಪೂ. 66ರಲ್ಲಿ ಸೇನಾಪತಿ ಪಾಂಪೆಯ ಪರವಾಗಿ ಮಾಡಿದ ಭಾಷಣದಲ್ಲಿ ರೋಮನ್ ವಾಗ್ಮಿ ಸಿಸೆರೊ, ಏಷ್ಯಾ ಪ್ರಾಂತ್ಯದಲ್ಲಿ ಹಣ ತೊಡಗಿಸಿದ್ದ ರೋಮನ್ನರ ಬಗ್ಗೆ ‘ಪೆಕೂನಿಯಾಸ್ ಮಾಗ್ನಾಸ್ ಕೊಲ್ಲೊಕಾತಾಸ್ ಹಬೆಂತ್’ ಎನ್ನುತ್ತಾನೆ. ‘ತೊಡಗಿಸಲಾದ ದೊಡ್ಡ ಮೊತ್ತಗಳನ್ನು ಅವರು ಹೊಂದಿದ್ದಾರೆ’ ಎಂಬುದು ಇಲ್ಲಿನ ಅಕ್ಷರಾರ್ಥ. ಹಣ ಇನ್ನೂ ಅವರದೇ, ಆದ್ದರಿಂದ ಒಡೆತನದ ಅರ್ಥ ಜೀವಂತವಾಗಿದೆ. ಆದರೆ ತೊಡಗಿಸಿದವರೂ ಹೊಂದಿರುವವರೂ ಒಬ್ಬರೇ ಆದ್ದರಿಂದ ‘ತೊಡಗಿಸಿದ್ದಾರೆ’ ಎಂದು ಕೇಳುಗನಿಗೆ ಅನಿಸಲು ಹೆಚ್ಚು ಸಮಯ ಬೇಕಾಗಲಿಲ್ಲ. 6ನೇ ಶತಮಾನದ ತೂರ್‌ನ ಗ್ರೆಗೊರಿ ಎಂಬ ಬಿಷಪ್ ಹಾಗೂ ಇತಿಹಾಸಕಾರನ ಬರಹಕ್ಕೆ ಬಂದರೆ ‘ಎಪಿಸ್ಕೊಪುಮ್ ಇನ್ವಿತಾತುಮ್ ಹಬೇಸ್’ ಎಂಬ ಪ್ರಯೋಗ ಸಿಗುತ್ತದೆ. ಬಿಷಪ್ ಯಾರ ಸ್ವತ್ತೂ ಅಲ್ಲ, ಹಾಗಾಗಿ ಇಲ್ಲಿ ‘ಬಿಷಪ್‌ರನ್ನು ಆಮಂತ್ರಿಸಿದ್ದೀಯೆ’ ಎಂಬುದರ ಹೊರತು ಬೇರೆ ಅರ್ಥ ಹೊಂದುವುದಿಲ್ಲ. ಒಡೆತನ ಮಾಸಿಹೋಗಿ ಕಾಲಸೂಚನೆ ಮಾತ್ರ ಉಳಿದಿದೆ.

ಈಗ ನಿಮ್ಮ ಎರಡನೆಯ ಸಂದೇಹಕ್ಕೆ ಬರುತ್ತೇನೆ. ಮೇಲಿನ ಲ್ಯಾಟಿನ್ ವಾಕ್ಯದಲ್ಲಿ ‘ಕೊಲ್ಲೊಕಾತಾಸ್’ ಎಂಬುದು ‘ಪೆಕೂನಿಯಾಸ್’ ಎಂಬುದರ ಲಿಂಗ, ವಚನ, ವಿಭಕ್ತಿಗಳನ್ನು ಹೊತ್ತಿದೆ, ಏಕೆಂದರೆ ಅದು ಇನ್ನೂ ವಿಶೇಷಣವೇ ಆಗಿದೆ. ಕೃದಂತವು ವಿಶೇಷಣವಾಗಿ ಉಳಿದಷ್ಟೂ ಕರ್ಮಕ್ಕೆ ಹೊಂದಿಕೊಳ್ಳುತ್ತದೆ. ಕ್ರಿಯಾಪದದ ಒಂದು ಭಾಗವಾಗಿ ಕರಗಿದಷ್ಟೂ ಒಂದೇ ರೂಪದಲ್ಲಿ ನಿಂತುಬಿಡುತ್ತದೆ. ಸ್ಪ್ಯಾನಿಷ್‌ನ ‘ಅಬೇರ್’ ಜೊತೆಗೆ ಅದು ಪೂರ್ತಿಯಾಗಿ ಕರಗಿದೆ, ‘ನಾನು ಬರೆದಿರುವ ಪತ್ರಗಳು’ ಎನ್ನುವಾಗಲೂ ‘ಎಸ್ಕ್ರೀತೊ’ ಎಂಬ ಒಂದೇ ರೂಪ. ಫ್ರೆಂಚ್ ನಡುದಾರಿಯಲ್ಲಿದೆ. ಕರ್ಮ ಕೃದಂತದ ನಂತರ ಬಂದರೆ ‘ಜೇ ಎಕ್ರೀ ಲೇ ಲೆತ್ರ್’ (‘ಪತ್ರಗಳನ್ನು ಬರೆದಿದ್ದೇನೆ’), ಅದೇ ಕರ್ಮ ಮೊದಲೇ ಬಂದಿದ್ದರೆ ‘ಲೇ ಲೆತ್ರ್ ಕ ಜೇ ಎಕ್ರೀತ್’ (‘ನಾನು ಬರೆದಿರುವ ಪತ್ರಗಳು’). ಈ ನಿಯಮವನ್ನು 16ನೇ ಶತಮಾನದಲ್ಲಿ ಕವಿ ಕ್ಲೆಮಾಂ ಮರೋ ಇಟಾಲಿಯನ್ ಭಾಷೆಯ ಮಾದರಿಯನ್ನು ತೋರಿಸಿ ಸೂತ್ರದಂತೆ ಹೇಳಿದ. ಬಹುಪಾಲು ಕ್ರಿಯಾಪದಗಳಲ್ಲಿ ಈ ಹೊಂದಾಣಿಕೆ ಬರಹದಲ್ಲಷ್ಟೇ ಕಾಣುತ್ತದೆ, ಕಿವಿಗೆ ಕೇಳುವುದಿಲ್ಲ. ‘ಎಕ್ರೀತ್’ ನಂಥ ಕೆಲವು ರೂಪಗಳಲ್ಲಿ ಮಾತ್ರ ಕೊನೆಯ ವ್ಯಂಜನ ಅದನ್ನು ಕೇಳಿಸುತ್ತದೆ. ವಿದ್ಯಾರ್ಥಿಗಳಿಗೆ ಇದು ಕಿರುಕುಳವೆನಿಸಬಹುದು. ನನಗಂತೂ ಇದು ಸಿಸೆರೊನ ಕಾಲದ ವಾಕ್ಯರಚನೆ ಇಂದಿನ ಕಾಗುಣಿತದಲ್ಲಿ ಉಳಿದಿರುವುದಕ್ಕೆ ಸಾಕ್ಷಿಯಾಗಿ ಬಹಳ ಪ್ರಿಯವಾದ ನಿಯಮ.

ಉತ್ತರ: ಕೃದಂತಪ್ರಿಯ

ಮೇಲಿನ ವಿವರಣೆ ಸರಿಯಾಗಿದೆ. ಆದರೆ ‘ಅಕರ್ಮಕವಾದರೆ ಇರು’ ಎಂದು ಓದುಗರು ಅರ್ಥ ಮಾಡಿಕೊಂಡರೆ ‘ನಡೆ’ ಎಂಬುದರ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ಅದೂ ಅಕರ್ಮಕವೇ. ಅಕರ್ಮಕಗಳಲ್ಲಿ ಎರಡು ಬಗೆಗಳಿವೆ ಎಂಬುದನ್ನು ಇಲ್ಲಿ ಸೇರಿಸಬೇಕು. ನಡೆಯುವವನು, ನಗುವವನು, ಕೆಲಸ ಮಾಡುವವನು ಒಂದು ಕ್ರಿಯೆಯನ್ನು ನಡೆಸುತ್ತಾನೆ. ಬಂದವನು, ಹುಟ್ಟಿದವನು, ಸತ್ತವನು, ಉಳಿದವನು ಒಂದು ಸ್ಥಿತಿಯನ್ನು ತಲಪುತ್ತಾನೆ ಅಥವಾ ಅದರಲ್ಲಿ ನಿಲ್ಲುತ್ತಾನೆ. ಎರಡನೆಯ ಬಗೆಯ ಕರ್ತೃ, ಸಕರ್ಮಕ ವಾಕ್ಯದ ಕರ್ಮದಂತೆ, ಕ್ರಿಯೆಯ ಪರಿಣಾಮವನ್ನು ತನ್ನ ಮೇಲೆ ಹೊರುತ್ತಾನೆ. 1978ರಲ್ಲಿ ಭಾಷಾವಿಜ್ಞಾನಿ ಡೇವಿಡ್ ಪರ್ಲ್‌ಮಟರ್ ಈ ಭೇದವನ್ನು ಒಂದು ಸಿದ್ಧಾಂತವಾಗಿ ಮಂಡಿಸಿದರು, ಲುಯಿಜಿ ಬುರ್ತ್ಸಿಯೊ 1986ರಲ್ಲಿ ಇಟಾಲಿಯನ್ ಭಾಷೆಯ ಆಧಾರದ ಮೇಲೆ ಅದನ್ನು ವಿಸ್ತರಿಸಿದರು. ‘ಇರು’ ಬರುವುದು ಮುಖ್ಯವಾಗಿ ಈ ಎರಡನೆಯ ಬಗೆಗೆ. ‘ಚಲನೆ’ ಎಂಬ ಪಠ್ಯಪುಸ್ತಕದ ನಿಯಮ ಸೋಲುವುದು ಇದೇ ಕಾರಣಕ್ಕೆ: ಬರುವುದರಲ್ಲಿ ಚಲನೆಗಿಂತ ತಲಪುವಿಕೆ ಮುಖ್ಯ, ನಡೆಯುವುದರಲ್ಲಿ ತಲಪುವ ಮಾತೇ ಇಲ್ಲ.

ಇದಕ್ಕೆ ಒಳ್ಳೆಯ ಪರೀಕ್ಷೆಯೊಂದಿದೆ. ಇಟಾಲಿಯನ್‌ನಲ್ಲಿ ‘ಓಡು’ ಎಂಬುದಕ್ಕೆ ‘ಕೊರ್ರೆರೆ’ ಎನ್ನುತ್ತಾರೆ. ಸುಮ್ಮನೆ ಓಡಿದ್ದರೆ ‘ಓ ಕೊರ್ಸೊ’, ಮನೆಗೆ ಓಡಿಬಂದಿದ್ದರೆ ‘ಸೋನೊ ಕೊರ್ಸೊ ಅ ಕಾಸಾ’. ಗುರಿ ಸೇರಿಕೊಂಡ ಕೂಡಲೇ ಸಹಾಯಕ ಕ್ರಿಯಾಪದ ಬದಲಾಯಿತು. ಡಚ್ ಭಾಷೆಯೂ ‘ಇಕ್ ಹೆಬ್ ಹೆಲೋಪನ್’ ಮತ್ತು ‘ಇಕ್ ಬೆನ್ ನಾರ್ ಹೌಸ್ ಹೆಲೋಪನ್’ ಎಂದು ಇದೇ ಭೇದವನ್ನು ತೋರಿಸುತ್ತದೆ. ಜರ್ಮನ್‌ನಲ್ಲಿ ನರ್ತಿಸಿದವನು ‘ಹೊಂದಿರು’ವಿನ ರೂಪವಾದ ‘ಹಾಬೆ’ ಎನ್ನುತ್ತಾನೆ, ನರ್ತಿಸುತ್ತಾ ತೋಟದೊಳಕ್ಕೆ ಹೋದವನು ‘ಇರು’ವಿನ ರೂಪವಾದ ‘ಬಿನ್’ ಎನ್ನುತ್ತಾನೆ.

ಫ್ರೆಂಚ್‌ನಲ್ಲಿ ಈ ಸೂಕ್ಷ್ಮತೆ ಕುಗ್ಗಿ ಒಂದು ಸಣ್ಣ ಪಟ್ಟಿಯಾಗಿ ಗಟ್ಟಿಯಾಗಿದೆ, ಆದ್ದರಿಂದ ಅಲ್ಲಿ ಗುರಿ ಸೇರಿಸಿದರೂ ‘ಓಡು’ ಎಂಬುದಕ್ಕೆ ‘ಅವ್ವಾರ್’ ಬರುತ್ತದೆ. ಹಾಗಿದ್ದರೂ ಮೂಲ ತರ್ಕ ಪೂರ್ತಿ ಅಳಿದಿಲ್ಲ: ‘ಅವಳು ಹೊರಗೆ ಹೋಗಿದ್ದಾಳೆ’ ಎನ್ನಲು ‘ಎಲ್ ಎ ಸೊರ್ತೀ’ ಎಂದು ‘ಎತ್ರ್’ ಬರುತ್ತದೆ, ಅದೇ ಕ್ರಿಯಾಪದಕ್ಕೆ ಕರ್ಮ ಸೇರಿ ‘ಅವಳು ಚೀಲವನ್ನು ಹೊರಗೆ ತೆಗೆದಿದ್ದಾಳೆ’ ಎಂದಾದರೆ ‘ಎಲ್ ಆ ಸೊರ್ತೀ ಲ ಸಾಕ್’ ಎಂದು ‘ಅವ್ವಾರ್’ ಬರುತ್ತದೆ. ಹತ್ತು, ಇಳಿ, ದಾಟಿಹೋಗು ಎಂಬ ಅರ್ಥದ ಕ್ರಿಯಾಪದಗಳೂ ಹೀಗೆಯೇ ವರ್ತಿಸುತ್ತವೆ. ಇಟಾಲಿಯನ್‌ನಲ್ಲಿ ‘ಇರು’ವಿನ ಆಳ್ವಿಕೆ ಇದಕ್ಕಿಂತ ವಿಸ್ತಾರವಾಗಿದೆ. ‘ಇಷ್ಟವಾಗು’, ‘ತೋರು’ ಎಂಬ ಅರ್ಥದ ಕ್ರಿಯಾಪದಗಳಿಗೂ ಅದೇ ಬರುತ್ತದೆ. ಅಷ್ಟೇಕೆ, ‘ಇರು’ ಎಂಬುದಕ್ಕೇ ‘ಇರು’ ಸಹಾಯಕವಾಗಿ ‘ಸೋನೊ ಸ್ತಾತೊ’ ಎಂದಾಗುತ್ತದೆ, ಫ್ರೆಂಚ್‌ನಲ್ಲಾದರೆ ಅದು ‘ಜೇ ಎತೇ’ ಎಂದು ‘ಹೊಂದಿರು’ವಿನ ಪಾಲಾಗಿದೆ. ಕರ್ತೃವೂ ಕರ್ಮವೂ ಒಬ್ಬನೇ ಆಗಿರುವ ಆತ್ಮಾರ್ಥಕ ಕ್ರಿಯಾಪದಗಳಿಗೆ ಎರಡೂ ಭಾಷೆಗಳಲ್ಲಿ ‘ಇರು’ ತಪ್ಪದೆ ಬರುತ್ತದೆ, ಇಟಾಲಿಯನ್‌ನ ‘ಮಿ ಸೋನೊ ಲವಾತೊ’, ಅಂದರೆ ‘ಮೈ ತೊಳೆದುಕೊಂಡಿದ್ದೇನೆ’, ಎಂಬಲ್ಲಿಯಂತೆ.

ಸ್ಪ್ಯಾನಿಷ್ ಮೊದಲಿನಿಂದಲೂ ಒಂದೇ ಸಹಾಯಕ ಕ್ರಿಯಾಪದದ ಭಾಷೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮಧ್ಯಯುಗದ ಸ್ಪ್ಯಾನಿಷ್‌ನಲ್ಲಿ ‘ಹೋಗಿದ್ದಾರೆ’ ಎಂಬುದಕ್ಕೆ ‘ಸೋನ್ ಈದೋಸ್’ ಎಂದು ‘ಇರು’ ಬರುತ್ತಿತ್ತು, ಕೃದಂತವೂ ಬಹುವಚನದಲ್ಲಿರುತ್ತಿತ್ತು. 17ನೇ ಶತಮಾನದ ಹೊತ್ತಿಗೆ ಅದು ಬಹುಮಟ್ಟಿಗೆ ಮರೆಯಾಯಿತು. ಇಂಗ್ಲಿಷ್‌ನಲ್ಲಿಯೂ ‘ಬಂದಿದ್ದಾನೆ’ ಎನ್ನಲು ಹಿಂದೆ ‘ಹಿ ಈಸ್ ಕಮ್’ ಎನ್ನುತ್ತಿದ್ದರು, ಈಗ ಆ ಜಾಗವನ್ನು ‘ಹ್ಯಾಸ್’ ಹಿಡಿದಿದೆ. ಸ್ವೀಡಿಷ್‌ನಲ್ಲಿಯೂ ‘ಹೊಂದಿರು’ ಒಂದೇ. ಅಲ್ಲಿ ಸಂಯುಕ್ತ ಕಾಲಕ್ಕೆಂದೇ ‘ಸ್ಕ್ರಿವಿತ್’ ಎಂಬ ಬದಲಾಗದ ರೂಪವೂ ವಿಶೇಷಣಕ್ಕೆ ‘ಸ್ಕ್ರಿವೆನ್’ ಎಂಬ ಬೇರೆ ರೂಪವೂ ಇವೆ. ಲ್ಯಾಟಿನ್ ಓದುಗರು ಹೇಳಿದ ಕರಗುವಿಕೆ ಇದರಷ್ಟು ಸ್ಪಷ್ಟವಾಗಿ ಬೇರೆಡೆ ಕಾಣಿಸುವುದು ಕಷ್ಟ. ರೊಮೇನಿಯನ್ ಭಾಷೆಯಲ್ಲಿ ‘ಬಂದಿದ್ದೇನೆ’ ಎಂಬುದೂ ‘ಅಮ್ ವೆನಿತ್’ ಎಂದು ‘ಹೊಂದಿರು’ವಿನಿಂದಲೇ ಆಗುತ್ತದೆ, ಆದರೆ ಭವಿಷ್ಯದ ಪೂರ್ಣರೂಪದಲ್ಲಿ, ‘ಬಂದಿದ್ದರೆ’ ಮುಂತಾದ ಸಂಭಾವನಾ ರೂಪಗಳಲ್ಲಿ ಅದು ಎಲ್ಲ ಕ್ರಿಯಾಪದಗಳಿಗೂ ‘ಇರು’ವನ್ನು ತರುತ್ತದೆ. ಅಂದರೆ ಅಲ್ಲಿ ಆಯ್ಕೆಯನ್ನು ನಿರ್ಧರಿಸುವುದು ಕ್ರಿಯಾಪದದ ಸ್ವಭಾವವಲ್ಲ, ಕಾಲ ಮತ್ತು ಸಂಭಾವನೆಯಂಥ ಅರ್ಥಗಳು. ಇಟಲಿಯ ಅಬ್ರುತ್ಸೊ ಪ್ರದೇಶದ ಕೆಲವು ಉಪಭಾಷೆಗಳಲ್ಲಿ ಅದು ಪುರುಷವನ್ನು ಅವಲಂಬಿಸುತ್ತದೆ: ‘ನಾನು ತಿಂದಿದ್ದೇನೆ’, ‘ನೀನು ತಿಂದಿದ್ದೀಯೆ’ ಎನ್ನಲು ‘ಇರು’, ‘ಅವನು ತಿಂದಿದ್ದಾನೆ’ ಎನ್ನಲು ‘ಹೊಂದಿರು’. ಒಂದು ತರ್ಕದಿಂದ ಹುಟ್ಟಿದ ಭೇದವನ್ನು ಬೇರೆ ಬೇರೆ ಜನ ಬೇರೆ ಬೇರೆ ಕೆಲಸಕ್ಕೆ ಹಚ್ಚಿಕೊಂಡಿದ್ದಾರೆ.

ಮರುಪ್ರಶ್ನೆ: ವ್ಯಾಕರಣಜಿಜ್ಞಾಸು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ‘ಲಿಖಿತ’ ಮತ್ತು ‘ಮೃತ’ ಎಂಬ ಪದಗಳ ಉದಾಹರಣೆಯಿಂದ ವಿಷಯ ಒಮ್ಮೆಗೇ ತಿಳಿಯಾಯಿತು. ಹಾಗಾದರೆ ಕನ್ನಡದ ‘ಬರೆದಿದ್ದೇನೆ’ ಎಂಬಲ್ಲಿ ‘ಬರೆದು’ ಯಾರನ್ನು ವಿಶೇಷಿಸುತ್ತದೆ? ಮತ್ತು ‘ಹೊಂದಿರು’ವಿನ ನೆರವು ಪಡೆಯದೆ ಈ ತೊಡಕನ್ನು ದಾಟಿದ ಬೇರೆ ಭಾಷೆಗಳಿವೆಯೇ? ಹಿಂದಿಯ ‘ನೇ’ ಪ್ರತ್ಯಯಕ್ಕೂ ಇದಕ್ಕೂ ಏನಾದರೂ ಸಂಬಂಧವಿದೆಯೇ ಎಂಬ ಅನುಮಾನವೂ ಮೂಡಿದೆ.

ಉತ್ತರ: ಪ್ರತ್ಯಯಶೋಧಕ

ಅನುಮಾನ ಸರಿಯಾಗಿಯೇ ಇದೆ. ಹಿಂದಿಯಲ್ಲಿ ‘ವಹ್ ಆಯೀ ಹೈ’ ಎನ್ನುವಾಗ ಕೃದಂತ ಬಂದವಳ ಲಿಂಗವನ್ನು ಹೊರುತ್ತದೆ. ‘ಮೈನೇ ಚಿಟ್ಠೀ ಲಿಖೀ ಹೈ’ ಎನ್ನುವಾಗ ಬರೆದವನು ಗಂಡಸಾದರೂ ಕೃದಂತ ಸ್ತ್ರೀಲಿಂಗದಲ್ಲಿರುತ್ತದೆ, ಏಕೆಂದರೆ ‘ಚಿಟ್ಠೀ’ ಸ್ತ್ರೀಲಿಂಗ. ಎರಡರಲ್ಲಿಯೂ ಸಹಾಯಕ ಕ್ರಿಯಾಪದ ‘ಹೈ’ ಒಂದೇ. ಫ್ರೆಂಚ್ ಸಹಾಯಕ ಕ್ರಿಯಾಪದವನ್ನು ಬದಲಿಸಿ ತೋರಿಸುವ ಭೇದವನ್ನು ಹಿಂದಿ ಕರ್ತೃಪದಕ್ಕೆ ‘ನೇ’ ಹಚ್ಚಿ ತೋರಿಸುತ್ತದೆ. ಇದರ ಹಿಂದಿರುವುದು ಸಂಸ್ಕೃತದ ‘ಮಯಾ ಪತ್ರಂ ಲಿಖಿತಮ್’ ಎಂಬ ರಚನೆ, ಅಲ್ಲಿ ಕರ್ತೃ ತೃತೀಯಾ ವಿಭಕ್ತಿಯಲ್ಲಿದೆ. ಸಿಸೆರೊನ ವಾಕ್ಯವೂ ಸಂಸ್ಕೃತದ ಈ ವಾಕ್ಯವೂ ಒಂದೇ ತೊಡಕಿಗೆ ಕಂಡುಕೊಂಡ ಎರಡು ಪರಿಹಾರಗಳು.

ಮೂರನೆಯ ಪರಿಹಾರವೂ ಒಂದಿದೆ. ಕ್ರಿ.ಪೂ. 520ರ ಸುಮಾರಿನ ಬೆಹಿಸ್ತೂನ್ ಶಾಸನದಲ್ಲಿ ದೊರೆ ಡೇರಿಯಸ್ ತಾನು ಮಾಡಿದ್ದನ್ನು ಹೇಳುವಾಗ ಪ್ರಾಚೀನ ಪರ್ಷಿಯನ್ ಭಾಷೆಯಲ್ಲಿ ‘ಇಮ ತ್ಯ ಮನಾ ಕರ್ತಮ್’ ಎನ್ನುತ್ತಾನೆ. ಇಲ್ಲಿ ‘ಮನಾ’ ಎಂಬುದು ಷಷ್ಠಿಯ ‘ನನ್ನ’, ‘ಕರ್ತಮ್’ ಎಂಬುದು ನಮ್ಮ ‘ಕೃತ’ದ ಸೋದರ. ಇದು ಕರ್ಮಣಿ ಪ್ರಯೋಗವಲ್ಲ, ‘ನನಗೆ ಮಾಡಿದ್ದು ಇದೆ’ ಎಂಬ ಒಡೆತನದ ರಚನೆ ಎಂದು ಭಾಷಾವಿಜ್ಞಾನಿ ಎಮಿಲ್ ಬೆನ್ವೆನಿಸ್ತ್ 1952ರಲ್ಲಿ ವಾದಿಸಿದರು. ‘ಹೊಂದಿರು’ ಎಂಬ ಧಾತುವಿಲ್ಲದ ಭಾಷೆ ಒಡೆತನವನ್ನು ಷಷ್ಠಿಯಿಂದ ಹೇಳುತ್ತದೆಯಾದ್ದರಿಂದ ಇದೂ ‘ಹಬೇರೆ’ಯ ದಾರಿಯೇ ಎಂಬುದು ಅವರ ತರ್ಕ. ಐರಿಷ್ ಭಾಷೆಯಲ್ಲಿ ಇಂದಿಗೂ ಇದಕ್ಕೆ ಹೋಲುವ ರಚನೆ ಬಳಕೆಯಲ್ಲಿದೆ. ಅಲ್ಲಿ ‘ಬರೆದ ಪತ್ರ ನನ್ನ ಬಳಿ ಇದೆ’ ಎಂಬ ಅಕ್ಷರಾರ್ಥದ ವಾಕ್ಯಕ್ಕೆ ‘ಪತ್ರ ಬರೆದು ಮುಗಿಸಿದ್ದೇನೆ’ ಎಂಬ ಅರ್ಥ ಬರುತ್ತದೆ.

ರಷ್ಯನ್ ಭಾಷೆಯ ದಾರಿ ಬೇರೆ. ಅದರ ಭೂತಕಾಲದ ‘ಪಿಸಾಲ್’ ಮೂಲತಃ ಬರೆದವನನ್ನೇ ವಿಶೇಷಿಸುವ ಕೃದಂತ, ಹಿಂದೆ ಅದರ ಜೊತೆ ‘ಇರು’ ಇರುತ್ತಿತ್ತು. ಸಹಾಯಕ ಕ್ರಿಯಾಪದ ಕ್ರಮೇಣ ಬಿದ್ದುಹೋಗಿ ಕೃದಂತವೊಂದೇ ಉಳಿಯಿತು. ಅದಕ್ಕೇ ರಷ್ಯನ್ ಭೂತಕಾಲಕ್ಕೆ ಪುರುಷಭೇದವಿಲ್ಲ, ಲಿಂಗಭೇದವಿದೆ, ಹೆಂಗಸು ಬರೆದಿದ್ದರೆ ‘ಪಿಸಾಲಾ’ ಎನ್ನಬೇಕು. ಪೋಲಿಷ್‌ನಲ್ಲಿ ಅದೇ ಸಹಾಯಕ ಕ್ರಿಯಾಪದ ಸವೆದು ಪ್ರತ್ಯಯವಾಗಿ ಅಂಟಿಕೊಂಡಿತು. ಬಾಸ್ಕ್ ಭಾಷೆ ಲ್ಯಾಟಿನ್ ಕುಟುಂಬಕ್ಕಾಗಲಿ ಇಂಡೋ-ಯುರೋಪಿಯನ್ ಬಳಗಕ್ಕಾಗಲಿ ಸೇರಿದ್ದಲ್ಲ. ಆದರೂ ‘ಎತೊರ್ರಿ ನೈಸ್’, ಅಂದರೆ ‘ಬಂದಿದ್ದೇನೆ’, ಎಂಬಲ್ಲಿ ‘ಇರು’ವನ್ನೂ ‘ಇಕುಸಿ ದುತ್’, ಅಂದರೆ ‘ನೋಡಿದ್ದೇನೆ’, ಎಂಬಲ್ಲಿ ‘ಹೊಂದಿರು’ವನ್ನೂ ಬಳಸುತ್ತದೆ. ಸಂಯುಕ್ತ ಕಾಲಕ್ಕೆ ‘ಹೊಂದಿರು’ ಬಳಸುವುದು ಯುರೋಪಿನಲ್ಲಿ ದಟ್ಟವಾಗಿದೆ, ಅದರಾಚೆ ಅಪರೂಪ. ಲ್ಯಾಟಿನ್‌ನ ‘ಹಬೇರೆ’ ಮತ್ತು ಜರ್ಮನ್‌ನ ‘ಹಾಬೆನ್’ ಪದಗಳು ಕೇಳಲು ಒಂದೇ ರೀತಿ ಇದ್ದರೂ ಅವುಗಳ ಮೂಲ ಬೇರೆ ಬೇರೆ. ಜರ್ಮನ್ ಪದದ ನಿಜವಾದ ಬಂಧು ಲ್ಯಾಟಿನ್‌ನಲ್ಲಿ ‘ಹಿಡಿ’ ಎಂಬ ಅರ್ಥದ ‘ಕಪೆರೆ’. ಆದ್ದರಿಂದ ಈ ರಚನೆಯ ಸಾಮ್ಯವನ್ನು ಪದಗಳ ಬಂಧುತ್ವದಿಂದ ವಿವರಿಸಲಾಗದು, ಅಕ್ಕಪಕ್ಕದಲ್ಲಿ ಬಾಳಿದ ಭಾಷೆಗಳ ಒಡನಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಈಗ ಕನ್ನಡ. ‘ಬರೆದು’ ಯಾರನ್ನೂ ವಿಶೇಷಿಸುವುದಿಲ್ಲ ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ. ಅದು ‘-ತ’ ಕೃದಂತದಂತೆ ನಾಮಪದಕ್ಕೆ ಅಂಟುವ ವಿಶೇಷಣವಲ್ಲ, ಮುಂದಿನ ಕ್ರಿಯಾಪದಕ್ಕೆ ಅಂಟುವ ಕೃದಂತಾವ್ಯಯ. ‘ಬರೆದು ಹೋದೆ’ ಎಂದರೆ ಬರೆದವನೂ ಹೋದವನೂ ಒಬ್ಬನೇ. ಹಾಗೆಯೇ ‘ಬರೆದು ಇದ್ದೇನೆ’ ಎಂದಾಗ ಬರೆದವನೇ ಇರುವವನು. ಕರ್ತೃ ಎಂದೂ ವಾಕ್ಯದಿಂದ ಹೊರಗೆ ಬೀಳುವುದಿಲ್ಲ, ಅವನನ್ನು ಮರಳಿ ತರಲು ‘ಹೊಂದಿರು’ವಾಗಲಿ ತೃತೀಯಾ ವಿಭಕ್ತಿಯಾಗಲಿ ಬೇಕಾಗುವುದಿಲ್ಲ. ಅವ್ಯಯಕ್ಕೆ ಲಿಂಗ ವಚನಗಳಿಲ್ಲದ ಕಾರಣ ಹೊಂದಾಣಿಕೆಯ ಪ್ರಶ್ನೆಯೂ ಏಳುವುದಿಲ್ಲ. ಧಾತು ಇಲ್ಲದ್ದರಿಂದ ನಾವು ‘ಇರು’ವಿಗೆ ತೃಪ್ತರಾದೆವೆಂದಲ್ಲ, ನಮ್ಮ ರಚನೆಯಲ್ಲಿ ಆ ತೊಡಕೇ ಹುಟ್ಟುವುದಿಲ್ಲ. ಜಪಾನೀ ಭಾಷೆಯ ದಾರಿ ಇದಕ್ಕೆ ಬಹಳ ಹತ್ತಿರ: ಇಂದಿನ ಭೂತಕಾಲದ ‘-ತಾ’ ಪ್ರತ್ಯಯವು ‘-ತೆ’ ಎಂಬ ಅವ್ಯಯರೂಪದ ಮೇಲೆ ‘ಇರು’ ಎಂಬರ್ಥದ ‘ಅರಿ’ ಸೇರಿ, ‘-ತರಿ’ ಎಂದಾಗಿ, ಕಡೆಗೆ ಸವೆದು ಉಳಿದದ್ದು. ಸವೆತ ನಮ್ಮಲ್ಲಿಯೂ ಇದೆ. ಹಳಗನ್ನಡದ ‘ಬಂದಿರ್ದಂ’ ಇಂದು ‘ಬಂದಿದ್ದ’ ಆಗಿದೆ. ಉತ್ತರದ ಕನ್ನಡದಲ್ಲಿ ‘ಹೋಗಿದ್ದಾನೆ’ ಎಂಬುದು ‘ಹೋಗ್ಯಾನ’ ಎಂದೂ ‘ಮಾಡಿದ್ದಾರೆ’ ಎಂಬುದು ‘ಮಾಡ್ಯಾರ’ ಎಂದೂ ಆಗಿ ಸಹಾಯಕ ಕ್ರಿಯಾಪದವು ಪ್ರತ್ಯಯದಷ್ಟೇ ಚಿಕ್ಕದಾಗಿದೆ.

ಕಲಿಕೆಯ ದೃಷ್ಟಿಯಿಂದ ಒಂದು ಮಾತು. ಸಹಾಯಕ ಕ್ರಿಯಾಪದ ಕಾಲವನ್ನು ಹೊರುತ್ತದೆ, ಕೃದಂತ ಮುಗಿದಿರುವಿಕೆಯನ್ನು ಹೊರುತ್ತದೆ ಎಂಬ ಹಂಚಿಕೆ ಕನ್ನಡಿಗರಿಗೆ ಹೊಸದಲ್ಲ. ‘ಬಂದಿದ್ದೇನೆ’, ‘ಬಂದಿದ್ದೆ’, ‘ಬಂದಿರುತ್ತೇನೆ’, ‘ಬಂದಿದ್ದರೆ’ ಎಂದು ‘ಇರು’ವನ್ನಷ್ಟೇ ನಡೆಸಿ ನಾವು ಎಲ್ಲ ಪೂರ್ಣರೂಪಗಳನ್ನು ಪಡೆಯುತ್ತೇವೆ. ಫ್ರೆಂಚ್‌ನಲ್ಲಿಯೂ ‘ಎತ್ರ್’ ಅಥವಾ ‘ಅವ್ವಾರ್’ ಎಂಬುದರ ವರ್ತಮಾನ, ಅಪೂರ್ಣ ಭೂತ, ಭವಿಷ್ಯತ್ ರೂಪಗಳ ಮುಂದೆ ಅದೇ ಕೃದಂತವನ್ನಿಟ್ಟರೆ ಸಾಕು. ‘ಬರಲಿಲ್ಲ’ ಮತ್ತು ‘ಬಂದಿಲ್ಲ’ ಎಂಬುವುಗಳ ನಡುವೆ ನಿಮಗೆ ತಾನಾಗಿ ಹೊಳೆಯುವ ವ್ಯತ್ಯಾಸವೇ ಸರಳ ಭೂತಕ್ಕೂ ಪೂರ್ಣ ವರ್ತಮಾನಕ್ಕೂ ಮೂಲದಲ್ಲಿದ್ದ ವ್ಯತ್ಯಾಸ.

ಉತ್ತರ: ಕಾಲವಿಚಾರಿ

ಪ್ರತ್ಯಯಶೋಧಕರ ಕೊನೆಯ ವಾಕ್ಯದಲ್ಲಿರುವ ‘ಮೂಲದಲ್ಲಿದ್ದ’ ಎಂಬ ಪದದ ಮೇಲೆ ಒತ್ತು ಹಾಕಲು ಬಯಸುತ್ತೇನೆ, ಏಕೆಂದರೆ ರೂಪ ಒಂದೇ ಆದ ಮಾತ್ರಕ್ಕೆ ಇಂದು ಅರ್ಥ ಒಂದೇ ಎಂದು ಭಾವಿಸುವಂತಿಲ್ಲ. ಆಡುಮಾತಿನ ಫ್ರೆಂಚ್‌ನಲ್ಲಿ ‘ಜ ಸ್ವೀ ವನ್ಯೂ’ ಎಂಬುದು ‘ಬಂದಿದ್ದೇನೆ’ ಮಾತ್ರವಲ್ಲ, ‘ಬಂದೆ’ ಕೂಡ ಹೌದು. ‘ನಿನ್ನೆ’ ಎಂಬ ಪದದ ಜೊತೆಗೂ ಅದು ಸಹಜವಾಗಿ ಬರುತ್ತದೆ. ಸರಳ ಭೂತಕಾಲ ಅಲ್ಲಿ ಬರಹಕ್ಕೆ ಸೀಮಿತವಾಗಿದೆ. ಉತ್ತರ ಇಟಲಿಯಲ್ಲಿಯೂ ದಕ್ಷಿಣ ಜರ್ಮನಿಯಲ್ಲಿಯೂ ಇದೇ ಬದಲಾವಣೆ ಆಗಿದೆ. ಸ್ಪೇನ್‌ನ ಬಹುಭಾಗದಲ್ಲಿ ಇಂದು ಆದದ್ದಕ್ಕೆ ‘ಏ ಕೊಮೀದೊ’, ನಿನ್ನೆ ಆದದ್ದಕ್ಕೆ ‘ಕೊಮೀ’ ಎಂಬ ಹಂಚಿಕೆಯಿದೆ. ಲ್ಯಾಟಿನ್ ಅಮೆರಿಕದ ಬಹಳಷ್ಟು ಕಡೆ ಎರಡಕ್ಕೂ ‘ಕೊಮೀ’ ಸಾಕಾಗುತ್ತದೆ. ಸಂಯುಕ್ತ ರೂಪ ಸರಳ ಭೂತದ ಜಾಗಕ್ಕೆ ಬಂದ ಮೇಲೆ ಅದರ ಹಳೆಯ ಜಾಗ ತೆರವಾಗುತ್ತದೆ, ಆಗ ಭಾಷೆ ಅದರ ಮೇಲೆ ಇನ್ನೊಂದು ಸಹಾಯಕ ಕ್ರಿಯಾಪದವನ್ನು ಹೇರುತ್ತದೆ. ಫ್ರೆಂಚ್‌ನ ‘ಜೇ ಯೂ ಫೀನೀ’ ಅಂಥ ಇಮ್ಮಡಿ ಸಂಯುಕ್ತ ರೂಪ, ‘ನಾನು ಮುಗಿಸಿದ ಮೇಲೆ’ ಎಂಬಂಥ ಉಪವಾಕ್ಯಗಳಲ್ಲಿ ಅದು ಬರುತ್ತದೆ.

ಪೋರ್ಚುಗೀಸ್ ಕಲಿಯುವ ಯೋಚನೆಯಿದ್ದರೆ ಇನ್ನಷ್ಟು ಎಚ್ಚರ ಬೇಕು. ಅಲ್ಲಿ ಸಹಾಯಕ ಕ್ರಿಯಾಪದ ‘ತೇರ್’, ಲ್ಯಾಟಿನ್‌ನಲ್ಲಿ ‘ಹಿಡಿದಿಟ್ಟುಕೊ’ ಎಂಬ ಅರ್ಥವಿದ್ದ ‘ತೆನೇರೆ’ಯಿಂದ ಬಂದದ್ದು. ‘ತೆನ್ಯ ಲೀದು’ ಎಂದರೆ ‘ಓದಿದ್ದೇನೆ’ ಎಂದಲ್ಲ, ‘ಇತ್ತೀಚೆಗೆ ಮತ್ತೆ ಮತ್ತೆ ಓದುತ್ತಾ ಬಂದಿದ್ದೇನೆ’ ಎಂದು. ಒಮ್ಮೆ ಓದಿ ಮುಗಿಸಿದ್ದಕ್ಕೆ ಸರಳ ಭೂತಕಾಲವೇ ಸರಿ. ಸ್ಪ್ಯಾನಿಷ್‌ನಲ್ಲಿ ‘ಅಬೇರ್’ ಒಡೆತನದ ಅರ್ಥವನ್ನು ಕಳೆದುಕೊಂಡಿತು, ಒಡೆತನ ಹೇಳುವ ಕೆಲಸ ‘ತೆನೇರ್’ ಪಾಲಿಗೆ ಬಂತು. ಈಗ ಆ ‘ತೆನೇರ್’ ಕೂಡ ಕೃದಂತದೊಂದಿಗೆ ಸೇರುತ್ತಿದೆ. ‘ತೆಂಗೊ ಎಸ್ಕ್ರೀತಾಸ್ ತ್ರೇಸ್ ಕಾರ್ತಾಸ್’ ಎಂದರೆ ‘ಮೂರು ಪತ್ರಗಳನ್ನು ಬರೆದು ಇಟ್ಟಿದ್ದೇನೆ’ ಎಂಬಂತೆ. ಇಲ್ಲಿ ಕೃದಂತ ಪತ್ರಗಳ ಲಿಂಗ ವಚನಗಳನ್ನು ಹೊತ್ತಿರುವುದನ್ನು ಗಮನಿಸಿ. ಎರಡು ಸಾವಿರ ವರ್ಷಗಳ ಹಿಂದೆ ‘ಹಬೇರೆ’ ಯಾವ ಹಂತದಲ್ಲಿತ್ತೋ ‘ತೆನೇರ್’ ಇಂದು ಅದೇ ಹಂತದಲ್ಲಿದೆ.

‘ಹಬೇರೆ’ ಭೂತಕಾಲಕ್ಕಷ್ಟೇ ದುಡಿದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕೆನಿಸುತ್ತದೆ. ಫ್ರೆಂಚ್‌ನ ‘ಶಾಂತರೇ’, ಸ್ಪ್ಯಾನಿಷ್‌ನ ‘ಕಾಂತರೇ’, ಇಟಾಲಿಯನ್‌ನ ‘ಕಾಂತೆರೊ’, ಅಂದರೆ ‘ಹಾಡುವೆನು’, ಇಂದು ಒಂದೇ ಪದಗಳಾಗಿ ಕಂಡರೂ ಅವು ‘ಕಾಂತಾರೆ ಹಬೆಓ’ ಎಂಬ ಎರಡು ಪದಗಳ ಸಂಯೋಗ. ‘ಹಾಡುವುದು ನನಗಿದೆ’ ಎಂಬುದು ಅದರ ಮೂಲ ಭಾವ, ಅದರಿಂದ ‘ಹಾಡಬೇಕಾಗಿದೆ’ ಎಂಬ ಅರ್ಥ, ಅದರಿಂದ ಭವಿಷ್ಯತ್ತು. 7ನೇ ಶತಮಾನದ ಫ್ರೆಡೆಗಾರ್ ವೃತ್ತಾಂತ ಎಂಬ ಲ್ಯಾಟಿನ್ ಇತಿಹಾಸಗ್ರಂಥದಲ್ಲಿ ‘ನೀನು ಕೊಡುವೆ’ ಎಂಬ ಅರ್ಥದ ‘ದರಾಸ್’ ಎಂಬ ಒಗ್ಗೂಡಿದ ರೂಪ ಆಗಲೇ ಕಾಣಿಸಿಕೊಂಡಿದೆ. ರೊಮೇನಿಯನ್ ಈ ದಾರಿಗೆ ಬರಲಿಲ್ಲ, ಅದು ‘ಬಯಸು’ ಎಂಬ ಕ್ರಿಯಾಪದದಿಂದ ಭವಿಷ್ಯತ್ತನ್ನು ಕಟ್ಟಿಕೊಂಡಿತು. ‘ಹೋಗು’ ಎಂಬುದಂತೂ ಎರಡು ನೆರೆ ಭಾಷೆಗಳಲ್ಲಿ ಎರಡು ದಿಕ್ಕು ಹಿಡಿದಿದೆ: ಫ್ರೆಂಚ್‌ನ ‘ಜ ವೇ ಶಾಂತೇ’ ಎಂದರೆ ‘ಹಾಡಲಿದ್ದೇನೆ’, ಕತಲಾನ್‌ನ ‘ವಾಚ್ ಕಾಂತಾ’ ಎಂದರೆ ‘ಹಾಡಿದೆ’. ಎರಡರಲ್ಲಿಯೂ ‘ಹೋಗುತ್ತೇನೆ’ ಮತ್ತು ‘ಹಾಡಲು’ ಎಂಬ ಅವೇ ಎರಡು ಭಾಗಗಳಿವೆ, ಕಾಲ ಮಾತ್ರ ಒಂದರಲ್ಲಿ ಮುಂದಕ್ಕೆ, ಇನ್ನೊಂದರಲ್ಲಿ ಹಿಂದಕ್ಕೆ. ಮೂಲ ಪದಗಳ ಅರ್ಥವನ್ನು ಕೂಡಿಸಿ ಸಂಯುಕ್ತ ರೂಪದ ಕಾಲವನ್ನು ಊಹಿಸಲು ಹೊರಡುವವರು ಈ ಜೋಡಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಪೋರ್ಚುಗೀಸ್ ಭಾಷೆಯ ಶಿಷ್ಟ ಬರಹದಲ್ಲಿ ಭವಿಷ್ಯತ್ತಿನ ಬೆಸುಗೆ ಇನ್ನೂ ಪೂರ್ತಿಯಾಗಿ ಗಟ್ಟಿಯಾಗಿಲ್ಲ. ‘ಕೊಡುವೆನು’ ಎಂಬುದಕ್ಕೆ ‘ದರೇಯ್’ ಎನ್ನುತ್ತಾರೆ, ಆದರೆ ‘ನಿನಗೆ ಕೊಡುವೆನು’ ಎನ್ನಬೇಕಾದಾಗ ಆ ಪದವನ್ನು ಹಳೆಯ ಜೋಡಣೆಯ ಜಾಗದಲ್ಲಿಯೇ ಬಿಡಿಸಿ, ನಡುವೆ ‘ನಿನಗೆ’ ಎಂಬುದನ್ನು ಕೂರಿಸಿ ‘ದರ್-ತ-ಏಯ್’ ಎಂದು ಬರೆಯುತ್ತಾರೆ.